ಅವ್ವ ಕಲಿತ ಸಹಿ

ನಾನು ಸಾಂಗ್ಲಿಯ ಕಾಲೇಜಿಗೆ ಸೇರಿದಾಗ, ಮಹಾರಾಷ್ಟ್ರದ ಗಡಿಯಲ್ಲಿರುವ ನಮ್ಮೂರು ಉಮದಿಯ ಬ್ಯಾಂಕಿನಲ್ಲಿ ಅವ್ವನ ಜೊತೆ ಜಂಟಿ ಖಾತೆ ತೆರೆಯುವುದೆಂದು ಮಾತಾಗಿತ್ತು. ಅಕ್ಷರ ಬಾರದ ಅವ್ವ ಅದಕ್ಕಾಗಿಯೇ ದಿನಾ ಮಧ್ಯಾಹ್ನ ನನ್ನ ಹಳೆಯ ನೋಟ್‌ಬುಕ್ಕಿನಲ್ಲಿ ತನ್ನ ಹೆಸರು ಬರೆಯಲು ಕಲಿತಳು.

"ಮರಾಠಿ ಫಾರ್ಮಿನ ಮ್ಯಾಲ ಕನ್ನಡ ಸಹಿ ನಡೀತದೇನ?"

"ನಡೀತದ. ನೀ ಮೊದಲ ಗೆರಿ ಮ್ಯಾಲ ಬರಿ."

"ನಿಮ್ಮಪ್ಪನ ಎತ್ತು ಸೈತ ಇಷ್ಟು ನೆಟ್ಟಗ ಹೋಗಂಗಿಲ್ಲ," ಎಂದು ಅವ್ವ ನಕ್ಕಳು.

ಸಾಂಗ್ಲಿಯಲ್ಲಿ ಗೆಳತಿಯರೆಲ್ಲ ಹೊಸ ಬ್ಯಾಂಕೊಂದರಲ್ಲಿ ಖಾತೆ ತೆರೆದಿದ್ದರು. ಅಲ್ಲಿ ಕಾರ್ಡ್ ಕೊಡುತ್ತಿದ್ದರು, ಕಂಪ್ಯೂಟರಿನಲ್ಲೇ ಖಾತೆ ನೋಡಬಹುದಿತ್ತು. ನನ್ನ ಖರ್ಚು ಊರಿನಲ್ಲಿ ಯಾರಿಗೂ ತಿಳಿಯುವಂತಿರಲಿಲ್ಲ. ನನಗೆ ಅದೇ ಮುಖ್ಯವಾಗಿತ್ತು. ನನ್ನೊಬ್ಬಳ ಹೆಸರಿನಲ್ಲೇ ತೆರೆದೆ. ದೀಪಾವಳಿಗೆ ಬಂದು ಹೇಳಿದಾಗ ಅವ್ವ, "ಚಲೋ ಆತು ಬಿಡು, ಲಗೂನ ಕೆಲಸ ಆತಲ್ಲ," ಎಂದಷ್ಟೇ ಹೇಳಿದಳು.

ಮರುವರ್ಷ ಪಂಚಾಯತಿಯಲ್ಲಿ ಯಾವುದೋ ಕಾಗದಕ್ಕೆ ಅವಳು ಹೆಬ್ಬೆರಳು ಚಾಚಿದಾಗ ನಾನು ಪಕ್ಕದಲ್ಲೇ ಇದ್ದೆ.

"ನಿನಗ ಸಹಿ ಬರ್ತದಲ್ಲ," ಎಂದೆ.

"ಅದು ಬ್ಯಾಂಕಿಗಂತ ಕಲ್ತಿದ್ದು," ಎಂದು ಅವ್ವ ಶಾಯಿಯಲ್ಲಿ ಬೆರಳೊತ್ತಿದಳು.

ಪೆನ್ನು ನನ್ನ ಚೀಲದಲ್ಲೇ ಇತ್ತು. ತೆಗೆದು ಕೊಡಲಿಲ್ಲ.