ತೊಳೆದುಹೋದ ಮೊಹರು

ವಿಠ್ಠಲವಾಡಿ ಸ್ಟೇಷನ್ನಿನ ಹಿಂದಿನ ಗುಜರಿ ಗೋದಾಮಿನಲ್ಲಿ ಹಮಾಲಿ ಮಾಡುತ್ತಿದ್ದ ಕಲಬುರಗಿ ಕಡೆಯ ಹಿರಿಯರೊಬ್ಬರು ನನಗಾಗಿ ಹಳೆಯ ಗ್ರಾಮಫೋನ್ ರೆಕಾರ್ಡುಗಳನ್ನು ಎತ್ತಿಡುತ್ತಿದ್ದರು. ನಾನು ಕನ್ನಡದವನು ಎಂಬುದೊಂದೇ ಕಾರಣ. ಮಾಲೀಕನೊಡನೆ, ಗಿರಾಕಿಗಳೊಡನೆ ಅವರದು ಹಿಂದಿ. ನನ್ನೊಡನೆ ಮಾತ್ರ ಕನ್ನಡ. ಡೊಂಬಿವಲಿಯಿಂದ ಪ್ರತಿ ಭಾನುವಾರ ಹೋಗುತ್ತಿದ್ದೆ.

ನಾನು ಹುಡುಕುತ್ತಿದ್ದುದು ಜಮೈಕಾದ ರೆಗ್ಗೆ ಸಂಗೀತದ ಒಂದು ಸಣ್ಣ ಕಂಪನಿಯ ರೆಕಾರ್ಡುಗಳನ್ನು. ಕಿಂಗ್‌ಸ್ಟನ್ನಿನ ಯಾವುದೋ ಅಂಗಡಿಯ ಹಿಂಬದಿಯಲ್ಲಿ ಶುರುವಾದದ್ದು. ರೆಕಾರ್ಡಿನ ನಡುವೆ ಅಂಟಿಸುವ ಲೇಬಲ್ ಅಚ್ಚಾಗಿ ಬರುವ ಮೊದಲೇ ಹಾಡು ಬೀದಿಯ ಕುಣಿತಗಳಿಗೆ ತಲುಪಬೇಕಿತ್ತು. ಅದಕ್ಕೆ ಖಾಲಿ ಬಿಳಿ ಲೇಬಲ್ಲಿನ ಮೇಲೆ ರಬ್ಬರ್ ಮೊಹರು ಒತ್ತಿ ಕೆಲವನ್ನು ಹೊರಬಿಡುತ್ತಿದ್ದರು. ಆಮೇಲೆ ಲಂಡನ್ನಿನಲ್ಲಿ ಅವೇ ಹಾಡುಗಳ ರೆಕಾರ್ಡುಗಳು ರಾಶಿಗಟ್ಟಲೆ ತಯಾರಾಗಿ ಬಂದವು. ನಮ್ಮಂಥವರಿಗೆ ಬೇಕಾದದ್ದು ಮೊದಲಿನ ಆ ಒರಟು ಪ್ರತಿಗಳೇ. ಅವುಗಳಲ್ಲಿ ಬಾಸ್, ಅಂದರೆ ತಗ್ಗಿನ ಸ್ವರ, ಹೆಚ್ಚು ಆಳ ಎನ್ನುತ್ತಾರೆ. ನನ್ನ ಕಿವಿಗೆ ಅದು ಕೇಳಿಸುತ್ತಿತ್ತೋ, ಓದಿದ್ದನ್ನೇ ಕೇಳಿಸಿಕೊಳ್ಳುತ್ತಿದ್ದೆನೋ, ಹೇಳಲಾರೆ.

ಲಂಡನ್ನಿನಿಂದ ಮರಳಿದ್ದ ಉಲ್ಲಾಸನಗರದ ಸಿಂಧಿ ಕುಟುಂಬವೊಂದು ಮನೆ ಖಾಲಿ ಮಾಡಿದಾಗ ಅಂಥದೊಂದು ಪ್ರತಿ ಗೋದಾಮಿಗೆ ಬಂತು. ಹಿರಿಯರು ಫೋಟೊ ಕಳಿಸಿದರು: ಬಿಳಿ ಲೇಬಲ್, ಮಾಸಿದ ನೇರಳೆ ಮೊಹರು. ಜೋಪಾನವಾಗಿಡಿ ಎಂದು ಫೋನಿನಲ್ಲಿ ಹೇಳಿದೆ.

ಭಾನುವಾರ ಕೈಗೆ ಬಂದಾಗ ಮೊಹರು ಇರಲಿಲ್ಲ.

"ಭಾಳ ಹೊಲಸಾಗಿತ್ರಿ ಸಾಹೇಬ್ರ. ಸಾಬಣಾ ಹಚ್ಚಿ ತೊಳದೀನಿ. ಹೊಸಾದರಂಗ ಆಗ್ಯಾದ ನೋಡ್ರಿ."

ಬೈದೆ. ಓದು ಬರಹ ಇಲ್ಲದವರ ಕೈಗೆ ಕೊಟ್ಟರೆ ಇಷ್ಟೇ ಎಂದದ್ದು ನೆನಪಿದೆ. ಅಷ್ಟು ಹೇಳಿರಲಾರೆ ಎಂದೂ ಒಮ್ಮೊಮ್ಮೆ ಅನ್ನಿಸುತ್ತದೆ. ಆ ದಿನದ ಡೈರಿಯಲ್ಲಿ 'ಸ್ವಲ್ಪ ಬೇಸರದಿಂದ ಮಾತಾಡಿದೆ' ಎಂದಿದೆ. ಬರೆದವನು ನಾನೇ ಆದ್ದರಿಂದ ಆ 'ಸ್ವಲ್ಪ'ವನ್ನು ನಂಬುವುದಿಲ್ಲ. ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದ ಹಮಾಲರು ನಕ್ಕದ್ದು ಮಾತ್ರ ನಿಜ. ಅವರಲ್ಲಿ ಕನ್ನಡ ತಿಳಿಯದವರೂ ನಕ್ಕರು.

"ಜೋಪಾನ ಅಂದ್ರ ತೊಳೀಬ್ಯಾಡ ಅಂತ ನನಗ ಹ್ಯಾಂಗ ಗೊತ್ತಾಗಬೇಕ್ರಿ" ಎಂದರು, ಮೆಲ್ಲಗೆ.

ರೆಕಾರ್ಡಿನಲ್ಲಿ ಹಾಡಿನ ಗೆರೆಗಳು ಮುಗಿದ ಮೇಲಿನ ನುಣುಪು ಪಟ್ಟಿಯಲ್ಲಿ ಕೊರೆದ ಅಂಕಿಗಳಿರುತ್ತವೆ. ಪ್ರತಿ ಎಲ್ಲಿಯದು ಎಂದು ನೋಡಬೇಕಾದದ್ದು ಅಲ್ಲಿ, ಮೊಹರಿನಲ್ಲಲ್ಲ. ಇದು ನನಗೆ ಮೊದಲೇ ಗೊತ್ತಿತ್ತು. ಆದರೂ ನೋಡಿದ್ದು ಎರಡು ವಾರದ ಮೇಲೆ. ಲಂಡನ್ನಿನ ಮಾಮೂಲಿ ಪ್ರತಿ. ಮೊಹರು ಯಾವ ಅಂಗಡಿಯದೋ ಏನೋ. ಅವರು ಏನನ್ನೂ ಹಾಳು ಮಾಡಿರಲಿಲ್ಲ.

ಮುಂದಿನ ಭಾನುವಾರ ಹೋಗಿ ತಪ್ಪು ನನ್ನದು ಎಂದೆ. ಅದು ಅಪರೂಪದ್ದೇ ಆಗಿದ್ದರೆ ಹೋಗುತ್ತಿದ್ದೆನೆ? ಗೊತ್ತಿಲ್ಲ. ಅವರು ಹೆಗಲ ಮೇಲಿನ ಮೂಟೆ ಇಳಿಸಿದರು, ಮುಖ ಒರೆಸಿಕೊಂಡರು. ಹೊಸದಾಗಿ ಏನಾದರೂ ಬಂದಿದೆಯೆ ಎಂದು ಕೇಳಿದೆ.

"ಉಧರ್ ಪಡಾ ಹೈ ಸಾಬ್, ದೇಖ್ ಲೋ" ಎಂದು ಮೂಲೆಯ ರಾಶಿ ತೋರಿಸಿದರು.

ನಾನು ಕನ್ನಡದಲ್ಲೇ ಇನ್ನೊಮ್ಮೆ ಕೇಳಿದೆ. ಅವರು ಹಿಂದಿಯಲ್ಲೇ ಇನ್ನೊಮ್ಮೆ ಹೇಳಿದರು.