ಆರು ಸೀಟಿಗೂ ಬೇಯದ ಬೇಳೆ

ರಾಯಚೂರು, ಮಾನ್ವಿ, ದೇವದುರ್ಗದ ಮನೆ ಮತ್ತು ಪ್ಲಾಟುಗಳನ್ನು ಮಾರಿಸಲು ನಾನು, ಚಾಚಾ ಸೇರಿ ಒಂದು ವೆಬ್‌ಸೈಟ್ ತೆರೆದಿದ್ದೆವು. ಚಾಚಾ ನೆಂಟರಲ್ಲ, ನಮ್ಮ ಓಣಿಯವರು. ತಲೆ ಬೆಳ್ಳಗಾಗುವವರೆಗೂ ಮನೆ ದಲ್ಲಾಳಿತನ ಮಾಡಿದವರು. ಮನೆ ಹುಡುಕುವುದು ಅವರ ಕೆಲಸ, ಫೋಟೊ ತೆಗೆದು ಬರೆದು ಹಾಕುವುದು ನನ್ನದು. ಜನ ಬರುತ್ತಿದ್ದರು, ಒಂದು ಸಲ ನೋಡಿ ಹೋಗುತ್ತಿದ್ದರು, ಮತ್ತೆ ಈ ಕಡೆ ತಲೆ ಹಾಕುತ್ತಿರಲಿಲ್ಲ. ಬೇಸಿಗೆ ಮುಗಿಯುವುದರೊಳಗೆ ಅವರು ಮರಳಿ ಬರದಿದ್ದರೆ ವೆಬ್‌ಸೈಟ್ ಮುಚ್ಚಿ, ನಾನು ಹಳೆಯ ಟೈಪಿಂಗ್ ಕೆಲಸಕ್ಕೆ ಹೋಗಬೇಕೆಂದು ಮಾತಾಗಿತ್ತು. ಆ ಕೆಲಸ ನೆನೆದರೇ ನನಗೆ ಮೈ ಉರಿಯುತ್ತಿತ್ತು.

ಏನೆಲ್ಲ ಮಾಡಲಿಲ್ಲ ನಾನು! ಬಣ್ಣ ಬದಲಿಸಿದೆ, ಹಬ್ಬದ ಶುಭಾಶಯ ಹಾಕಿದೆ, ನೋಡಿ ಹೋದವರ ಫೋನಿಗೆ ದಿನಾ ಸಂದೇಶ ಕಳಿಸಿದೆ. "ಯವ್ವಾ, ಕೈ ಮುಗೀತೀನಿ, ಬಿಡು" ಎಂದು ಒಬ್ಬರು ಉತ್ತರ ಬರೆದರು.

ಆಗಲೇ ದೇವದುರ್ಗದಿಂದ ಒಬ್ಬ ಟೀಚರ್ ಮಾನ್ವಿಯ ಮನೆಯೊಂದನ್ನು ನೋಡಲು ಬಸ್ಸು ಹತ್ತಿ ಬಂದರು. ಅವರಿಗೆ ಮಾನ್ವಿಗೆ ವರ್ಗವಾಗಿತ್ತು. ಬೋರಿನಲ್ಲಿ ಸಿಹಿನೀರು ಎಂದು ನಾನು ಬರೆದಿದ್ದೆ. ಅವರು ಕೋಣೆಗಳನ್ನು ನೋಡಲಿಲ್ಲ. ಸೀದಾ ಹಿತ್ತಲಿಗೆ ಹೋಗಿ, ಬೊಗಸೆಯೊಡ್ಡಿ ಒಂದು ಗುಟುಕು ಕುಡಿದು ಥೂ ಎಂದು ಉಗಿದರು.

"ಇದು ಸೀ ನೀರೇನ್ರೀ? ಇದರಾಗ ಬ್ಯಾಳಿ ಬೇಯ್ತಾವೇನು? ಕುದಿಸಿ ನೋಡೀರೇನು?"

"ಮಾಲಕ್ರು ಹೇಳಿದ್ರು..." ಎಂದೆ.

"ಮಾಲಕ್ರು ಹೇಳಿದ್ದು ಹೇಳಾಕ ನೀವ್ಯಾಕ ಬೇಕು? ನಿಮ್ಮ ವೆಬ್‌ಸೈಟ್ ಇನ್ನ ಮ್ಯಾಲ ತೆಗಿಯಂಗಿಲ್ಲ ನೋಡ್ರಿ."

ರಾಯಚೂರಿಗೆ ವಾಪಸ್ ಬರುವಾಗ ದಾರಿಯ ಕಲ್ಲೂರು ದಾಟುವವರೆಗೆ ಅವರನ್ನು ಮನಸ್ಸಿನಲ್ಲೇ ಬೈದೆ. ಆಮೇಲೆ ನನ್ನನ್ನೇ ಬೈದುಕೊಂಡೆ. ಗಡಸು ನೀರಿನಲ್ಲಿ ತೊಗರಿಬೇಳೆ ಬೇಯುವುದಿಲ್ಲ ಎಂಬುದು ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? ಅಡುಗೆ ಮಾಡುವ ನಾನೇ ಅದನ್ನು ಮರೆತು ಗೋಡೆಯ ಬಣ್ಣ ಬರೆಯುತ್ತಾ ಕೂತಿದ್ದೆ.

ಅಂದಿನಿಂದ ಹೋದ ಮನೆಯಿಂದೆಲ್ಲ ಒಂದು ಬಾಟಲಿ ನೀರು ತಂದು, ನನ್ನ ಕುಕ್ಕರಿನಲ್ಲಿ ಬೇಳೆ ಇಟ್ಟು, ಆದದ್ದನ್ನು ಆದಂತೆಯೇ ಬರೆದೆ. ಸೋಮವಾರಕ್ಕೊಂದು ಮನೆ. "ಮೂರು ಸೀಟಿಗೆ ಬೆಂದು ಹಣ್ಣಾಯಿತು." "ಐದು ಸೀಟಿಯಾದರೂ ಕಾಳು ಕಾಳು." ಕೆಲವು ಮಾಲೀಕರು ಮರ್ಯಾದೆ ತೆಗೆದಿರೆಂದು ಜಗಳಕ್ಕೇ ಬಂದರು. ಬರಲಿ ಬಿಡಿ! ಜನ ಮಾತ್ರ ಮರಳಿ ಬರತೊಡಗಿದರು. ಮನೆ ಕೊಳ್ಳದವರೂ ಓದಿ, ತಮ್ಮ ಓಣಿಯ ನೀರಿನ ಸುದ್ದಿ ಬರೆದು ಕಳಿಸಿದರು.

ಅಷ್ಟರಲ್ಲಿ ಚಾಚಾ ಮಾನ್ವಿಯಲ್ಲಿದ್ದ ತಮ್ಮ ಸ್ವಂತ ಮನೆಯನ್ನೇ ಮಾರಾಟಕ್ಕಿಟ್ಟರು. ಬೋರಿನ ನೀರು ತಂದೆ, ಬೇಳೆ ಇಟ್ಟೆ. ಆರು ಸೀಟಿ ಹೊಡೆಯಿತು. ಮುಚ್ಚಳ ತೆಗೆದ ಚಾಚಾ ಒಂದು ಕಾಳು ಹಿಸುಕಿ, "ಯಾ ಅಲ್ಲಾ, ಕಲ್ಲು!" ಎಂದರು. ಬರೆದರೆ ಅವರ ಮನೆ ಮಾರಾಟವಾಗುವುದಿಲ್ಲ, ಬರೆಯದಿದ್ದರೆ ಇಷ್ಟು ದಿನ ಬರೆದದ್ದೆಲ್ಲ ಸುಳ್ಳು.

"ಬರಿ ಬೇಟಿ," ಎಂದರು ಚಾಚಾ. "ಮಂದಿ ಮನೀದು ಬರದು ನಂದು ಮುಚ್ಚಿಟ್ರ ಯಾರು ವಾಪಸ್ ಬರ್ತಾರ?"

ಬರೆದೆ. ಬರೆಯುವಾಗ ಕಣ್ಣಲ್ಲಿ ನೀರಾಡಿತು. ಅಡುಗೆಗೆ ನಳದ ನೀರು ಹಿಡಿದಿಡಬೇಕು, ಅದು ದಿನ ಬಿಟ್ಟು ದಿನ ಬರುತ್ತದೆ ಎಂದೂ ಸೇರಿಸಿದೆ. ಎರಡು ವಾರ ಆ ಮನೆಯನ್ನು ಒಬ್ಬರೂ ಕೇಳಲಿಲ್ಲ. ಮೂರನೇ ವಾರ ಫೋನ್ ಮಾಡಿದವರು ಅದೇ ಟೀಚರ್. ಇನ್ನು ತೆಗೆಯುವುದಿಲ್ಲ ಎಂದವರು ಪ್ರತಿ ಸೋಮವಾರವೂ ಓದುತ್ತಿದ್ದರಂತೆ!

ಬಂದು ಮನೆಯೆಲ್ಲ ನೋಡಿದರು. "ಬ್ಯಾಳಿಗೆ ನಳದ ನೀರು ಹಿಡಿದಿಟ್ರಾತು. ಉಳಿದದ್ದೆಲ್ಲ ನೀವು ಬರದಂಗ ಅದ," ಎಂದು ಒಪ್ಪಿದರು. ರಿಜಿಸ್ಟ್ರಿಯೂ ಆಯಿತು. ಬೇಸಿಗೆ ಕಳೆದರೂ ವೆಬ್‌ಸೈಟ್ ಮುಚ್ಚುವ ಮಾತನ್ನು ಚಾಚಾ ಎತ್ತಲಿಲ್ಲ.

ಒಂದು ಸೋಮವಾರ ನಾನು ಬರೆಯುವುದು ತಡವಾಯಿತು. ಬೆಳಿಗ್ಗೆಯೇ ಟೀಚರ್ ಫೋನು.

"ಇವತ್ತಿನ ಮನಿ ಯಾಕ ಹಾಕಿಲ್ರಿ?"

"ನಿಮಗ ಮನಿ ಸಿಕ್ತಲ್ರಿ ಟೀಚರ್, ಇನ್ಯಾಕ ನೋಡ್ತೀರಿ?"

"ಮನಿ ಸಿಕ್ತಂತ ಓದೂದು ಬಿಡಬೇಕೇನು? ಲಗೂನ ಹಾಕ್ರಿ, ನನಗ ಸಾಲಿಗೆ ಹೊತ್ತಾಗ್ತದ."