ಆಲೆಮನೆಗೆ ಹೋದ ಪತ್ರಿಕೆ

ಇಸಾಕನಂಥ ಮೊಂಡ ಮಂಡ್ಯದಲ್ಲಿ ಇನ್ನೊಬ್ಬನಿರಲಿಲ್ಲ. ನನ್ನ ವಾರಪತ್ರಿಕೆಗೆ ಹನ್ನೆರಡು ವರ್ಷದಿಂದ ಅಚ್ಚುಮೊಳೆ ಜೋಡಿಸುತ್ತಿದ್ದವನು. ನಾನೋ ಸಿಡುಕ, ದಿನಕ್ಕೆರಡು ಸಲವಾದರೂ ರೇಗುತ್ತಿದ್ದೆ. ಅವನು ಎಲೆಯಡಿಕೆ ಜಗಿಯುತ್ತ ತನಗೆ ಸರಿ ಕಂಡದ್ದನ್ನೇ ಮಾಡುತ್ತಿದ್ದ.

ನಲವತ್ತೆರಡರಲ್ಲಿ ಯುದ್ಧದ ದೆಸೆಯಿಂದ ಕಾಗದಕ್ಕೆ ಬರ ಬಂತು. ಆರುನೂರು ಪ್ರತಿ ಅಚ್ಚಾಗುತ್ತಿದ್ದ ಕಡೆ ಅರವತ್ತಾದರೆ ಪುಣ್ಯ. ಬೇಸತ್ತು, ಯುಗಾದಿಗೆ ಪ್ರೆಸ್ಸಿಗೆ ಬೀಗ ಹಾಕುತ್ತೇನೆ, ಬೇರೆ ಕೆಲಸ ನೋಡಿಕೋ ಎಂದುಬಿಟ್ಟೆ. ಐವತ್ತರ ಹತ್ತಿರದ ಮನುಷ್ಯ, ಬೇರೆ ಕೆಲಸ ಎಲ್ಲಿಂದ ತರುತ್ತಾನೆ? ಹೇಳಿದ ಮೇಲೆ ನನಗೇ ಪಿಚ್ಚೆನಿಸಿತು.

"ಮನೆಮನೆಗ್ಯಾಕೆ ಸ್ವಾಮಿ ಪತ್ರಿಕೆ, ಊರಿಗೊಂದು ಸಾಕು. ನಾನೇ ಓದಿ ಕೇಳುಸ್ತೀನಿ" ಎಂದ ಇಸಾಕ.

ಮರುದಿನವೇ ಸೈಕಲ್ಲೇರಿ ಪಕ್ಕದೂರು ಹೊಳಲಿನ ಆಲೆಮನೆಗೆ ಹೋದ. ಸಂಜೆ ಬೆಲ್ಲದ ಕೊಪ್ಪರಿಗೆಯ ಸುತ್ತ ಊರಿಗೆ ಊರೇ ಸೇರಿರುತ್ತದಲ್ಲ, ಅಲ್ಲಿ ನಿಂತು ಓದಿದ. ಪಾಕ ಹದಕ್ಕೆ ಬಂತೆಂದರೆ ಯುದ್ಧವೂ ನಿಲ್ಲಬೇಕು. ಕೊಪ್ಪರಿಗೆ ಇಳಿಸಿ ಬೆಲ್ಲ ಅಚ್ಚಿಗೆ ಹೊಯ್ದ ಮೇಲೆ ಮುಂದಿನ ಸುದ್ದಿ. ಊರವರು ಒಟ್ಟಾಗಿ ಚಂದಾ ಎತ್ತಿದರು, ಕೆಲವರು ರಾಗಿಯನ್ನೇ ಅಳೆದುಕೊಟ್ಟರು. ಆಮೇಲೆ ಬಸರಾಳು, ಹೀಗೇ ದಿನಕ್ಕೊಂದೂರು. ದೂರದ ಊರುಗಳಲ್ಲಿ ಶಾಲೆಯ ಮೇಷ್ಟರು ಓದತೊಡಗಿದರು.

ಜನ ಮಾತ್ರ ಒಂದು ವಿಷಯ ತಪ್ಪು ತಿಳಿದುಕೊಂಡರು. ಸುದ್ದಿ ತರುವವನು ಸುದ್ದಿ ಒಯ್ಯಲೂ ಬೇಕು ಎಂದು! ನಿಂಗಯ್ಯನ ಎಮ್ಮೆ ತಪ್ಪಿಸಿಕೊಂಡದ್ದು, ಚಿಕ್ಕಮಾದುವಿನ ಬಿತ್ತನೆ ಕಬ್ಬು ಮಾರಾಟಕ್ಕಿರುವುದು, ಎಲ್ಲ ಹೊತ್ತು ತಂದ. ಇದು ಪತ್ರಿಕೆಯೋ ತಮಟೆಯೋ ಎಂದು ಕೂಗಾಡಿದೆ. ಅವನು ಆಗಲೇ ಮೊಳೆ ಜೋಡಿಸಿ ಮುಗಿಸಿದ್ದ. ಎಮ್ಮೆ ಸಿಕ್ಕಿತು. ಒಂದು ಪ್ರತಿಯನ್ನು ನೂರು ಜನ ಕೇಳುತ್ತಾರೆಂದು ತಿಳಿದ ಮಳವಳ್ಳಿಯ ಜವಳಿ ವ್ಯಾಪಾರಿ ತಾನಾಗಿಯೇ ಜಾಹೀರಾತು ಕಳಿಸಿದ. ಯುಗಾದಿ ಬಂತು, ಹೋಯಿತು. ಬೀಗದ ಮಾತು ನಾನೂ ಎತ್ತಲಿಲ್ಲ, ಅವನೂ ಎತ್ತಲಿಲ್ಲ.

ಯುದ್ಧ ಮುಗಿದು ಕಾಗದದ ಬರ ನೀಗಿದಾಗ, ಇನ್ನು ಮನೆಮನೆಗೂ ಪತ್ರಿಕೆ ಬರುತ್ತದೆಂದು ಸಾರಲು ಇಸಾಕನ ಜೊತೆ ನಾನೇ ಹೊಳಲಿಗೆ ಹೋದೆ. ಆಲೆಮನೆಯ ಬೆಟ್ಟಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಮನೆಮನ್ಗೆ ಕಾಗ್ದ ತಕಂಡು ನಾವೇನ್ ಮಾಡಾನ? ಅದ್ನ ನೀವೇ ಮಡೀಕಳಿ ಸ್ವಾಮಿ. ಇಸಾಕಣ್ಣನ್ನ ಕಳ್ಸಿ, ಸಾಕು."

ನನಗೆ ಹೊಟ್ಟೆಕಿಚ್ಚಾಯಿತು, ಹೆಮ್ಮೆಯೂ ಆಯಿತು. ಬೇರೆ ಕೆಲಸ ನೋಡಿಕೋ ಎಂದಿದ್ದೆನಲ್ಲ, ಆ ಮಾತು ವಾಪಸು ತೆಗೆದುಕೊಂಡೆ ಕಣಯ್ಯಾ ಎಂದು ಎಲ್ಲರೆದುರೇ ಅವನಿಗೆ ಹೇಳಿದೆ.

ಇಸಾಕ ಪತ್ರಿಕೆ ಬಿಡಿಸುತ್ತ, "ಅದ್ನ ನಾನು ಅವತ್ತೇ ಕೇಳುಸ್ಕಳ್ನಿಲ್ಲ ಬುಡಿ ಸ್ವಾಮಿ" ಎಂದ.